ಕ್ರಾಪ್‌ವ್ಯಾಟ್ 8.0: ಖುಷ್ಕಿ ಸೀಮೆಯ ನೀರಿನ ಲೆಕ್ಕಕ್ಕೆ ಇದು ಎಷ್ಟು ಒದಗುತ್ತದೆ?

ಬೋರಿನಲ್ಲಿ ಇಷ್ಟು ನೀರಿದೆ, ಎಷ್ಟು ಗುಂಟೆಗೆ ಟೊಮೆಟೊ ಹಾಕಬಹುದು ಎಂಬ ಪ್ರಶ್ನೆಗೆ ನಮ್ಮ ಚಳ್ಳಕೆರೆ–ಹಿರಿಯೂರು ಸೀಮೆಯಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಕಣ್ಣಂದಾಜಿನದು. ಪಕ್ಕದ ಹೊಲದವರು ಹಾಕಿದಷ್ಟು, ತಂದ ಸಸಿ ಮುಗಿಯುವಷ್ಟು, ಅಥವಾ ಹೋದ ವರ್ಷ ನಡೆದಷ್ಟು. ವರ್ಷಕ್ಕೆ 500 ಮಿ.ಮೀ. ಮಳೆಯನ್ನೂ ಮುಟ್ಟದ ಊರುಗಳಲ್ಲಿ ಈ ಅಂದಾಜು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಏಪ್ರಿಲ್ ತಿಂಗಳಲ್ಲಿ ಅರ್ಧಕ್ಕೇ ಒಣಗಿ ನಿಂತ ತಾಕುಗಳು ಹೇಳುತ್ತವೆ. ಈ ಪ್ರಶ್ನೆಯನ್ನು ಲೆಕ್ಕದಿಂದ ಬಿಡಿಸಲೆಂದೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ರೂಪಿಸಿ ಉಚಿತವಾಗಿ ಹಂಚುತ್ತಿರುವ ತಂತ್ರಾಂಶ ಕ್ರಾಪ್‌ವ್ಯಾಟ್. ಅದರ 8.0 ಆವೃತ್ತಿಯನ್ನು ಶೇಂಗಾ, ಟೊಮೆಟೊ, ಹಿಂಗಾರಿ ಜೋಳ ಈ ಮೂರು ಬೆಳೆಗಳಿಗೆ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬಿತ್ತುವ ಮುಂಚೆ ಎಷ್ಟು ವಿಸ್ತೀರ್ಣಕ್ಕೆ ಕೈಹಾಕಬೇಕು ಎಂದು ತೀರ್ಮಾನಿಸಲು ಇದಕ್ಕಿಂತ ಒಳ್ಳೆಯ ಉಚಿತ ಸಾಧನವನ್ನು ನಾನು ಕಂಡಿಲ್ಲ, ಆದರೆ ಅದರಲ್ಲಿ ಮೊದಲೇ ತುಂಬಿಟ್ಟಿರುವ ಆಯ್ಕೆಗಳನ್ನು ಹಾಗೆಯೇ ಒಪ್ಪಿಕೊಂಡರೆ ಮಳೆ ಕಡಿಮೆಯಿರುವ ಕಡೆ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ.

ತಂತ್ರಾಂಶದ ಹಿಂದಿರುವ ವಿಜ್ಞಾನ ಗಟ್ಟಿಯಾದದ್ದು. ಮಣ್ಣಿನಿಂದ ಆವಿಯಾಗುವ ನೀರು ಮತ್ತು ಎಲೆಗಳ ಮೂಲಕ ಹೊರಹೋಗುವ ನೀರು, ಇವೆರಡನ್ನೂ ಒಟ್ಟಾಗಿ ಬಾಷ್ಪವಿಸರ್ಜನೆ ಎನ್ನುತ್ತಾರೆ. ಇದನ್ನು ಲೆಕ್ಕ ಹಾಕಲು ವಿಜ್ಞಾನಿ ಪೆನ್‌ಮನ್ 1948ರಲ್ಲಿ ಕೊಟ್ಟ ಸಮೀಕರಣವನ್ನು ಮಾಂಟೀತ್ ಎಂಬ ಇನ್ನೊಬ್ಬ ವಿಜ್ಞಾನಿ 1965ರಲ್ಲಿ ವಿಸ್ತರಿಸಿದರು. 1990ರಲ್ಲಿ ಎಫ್‌ಎಒ ಕರೆದ ತಜ್ಞರ ಸಮಾಲೋಚನೆ ಅದನ್ನೇ ಏಕೈಕ ಪ್ರಮಾಣಿತ ವಿಧಾನವಾಗಿ ಶಿಫಾರಸು ಮಾಡಿತು. 1998ರಲ್ಲಿ ಪ್ರಕಟವಾದ ಎಫ್‌ಎಒ–56 ಎಂಬ ಕೈಪಿಡಿ ಅದರ ಪೂರ್ಣ ವಿಧಾನವನ್ನು ಬಿಡಿಸಿಟ್ಟಿತು. 12 ಸೆಂ.ಮೀ. ಎತ್ತರದ, ನೀರಿನ ಕೊರತೆಯೇ ಇಲ್ಲದ ಹುಲ್ಲಿನ ಹಾಸು ದಿನಕ್ಕೆ ಎಷ್ಟು ನೀರನ್ನು ಬಿಟ್ಟುಕೊಡುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿ, ಅದನ್ನು ಬೆಳೆಗೆ ತಕ್ಕ ಗುಣಾಂಕದಿಂದ ಗುಣಿಸುವುದೇ ಇದರ ತಿರುಳು. ಹುಲ್ಲಿನ ಹಾಸಿಗೆ ದಿನಕ್ಕೆ 5 ಮಿ.ಮೀ. ಬೇಕಾಗುವ ಹವೆಯಲ್ಲಿ, ತುಂಬು ಎಲೆ ಹೊತ್ತ ಶೇಂಗಾಕ್ಕೆ 1.15ರ ಗುಣಾಂಕದಂತೆ ಸುಮಾರು 5.75 ಮಿ.ಮೀ. ಬೇಕಾಗುತ್ತದೆ. ಒಂದು ಎಕರೆಗೆ ಒಂದು ಮಿ.ಮೀ. ಎಂದರೆ 4,047 ಲೀಟರು. ಈ ಒಂದು ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡವರಿಗೆ ತಂತ್ರಾಂಶದ ಅರ್ಧ ಭಾಗ ಅರ್ಥವಾದಂತೆಯೇ.

ಇದು ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ, ಮೊಬೈಲಿಗೆ ಬರುವುದಿಲ್ಲ. ಕನ್ನಡವಿರಲಿ, ಹಿಂದಿಯಲ್ಲಿ ಕೂಡ ಲಭ್ಯವಿಲ್ಲ. ತೆರೆಯ ಎಡಬದಿಯಲ್ಲಿ ಹವಾಮಾನ, ಮಳೆ, ಬೆಳೆ, ಮಣ್ಣು, ನೀರಿನ ಅಗತ್ಯ, ವೇಳಾಪಟ್ಟಿ, ಬೆಳೆ ಪದ್ಧತಿ, ಯೋಜನೆ ಎಂಬ ಎಂಟು ಗುಂಡಿಗಳು ಸಾಲಾಗಿ ನಿಂತಿರುತ್ತವೆ. ಮೊದಲ ನಾಲ್ಕರಲ್ಲಿ ಮತ್ತು ಬೆಳೆ ಪದ್ಧತಿಯಲ್ಲಿ ನಾವು ಮಾಹಿತಿ ತುಂಬಬೇಕು. ಉಳಿದವು ಉತ್ತರ ಕೊಡುತ್ತವೆ. ನೋಟ ಹಳೆಯ ಕಾಲದ್ದಾದರೂ ಕೆಲಸದ ಕ್ರಮ ಸ್ಪಷ್ಟವಾಗಿದೆ, ಮತ್ತು ಯಾವುದೇ ಅಂಕಿಯನ್ನು ಬದಲಿಸಿದ ಕೂಡಲೇ ಫಲಿತಾಂಶವೂ ಬದಲಾಗುವುದರಿಂದ ಕಲಿಯುವವರಿಗೆ ಇದು ಒಳ್ಳೆಯ ಗುರು.

ಹವಾಮಾನದ ಮಾಹಿತಿಗೆಂದು ಎಫ್‌ಎಒ ಕ್ಲೈಮ್‌ವ್ಯಾಟ್ ಎಂಬ ಜೊತೆ ತಂತ್ರಾಂಶವನ್ನೂ ಉಚಿತವಾಗಿ ಕೊಡುತ್ತದೆ. ಜಗತ್ತಿನ ಐದು ಸಾವಿರಕ್ಕೂ ಹೆಚ್ಚು ಹವಾಮಾನ ಕೇಂದ್ರಗಳ ದೀರ್ಘಾವಧಿ ಮಾಸಿಕ ಸರಾಸರಿಗಳು ಅದರಲ್ಲಿವೆ. ನಮಗೆ ಹತ್ತಿರದ ಕೇಂದ್ರವನ್ನು ಆರಿಸಿ ಫೈಲುಗಳನ್ನು ಹೊರತೆಗೆದು ಕ್ರಾಪ್‌ವ್ಯಾಟ್‌ಗೆ ಕೊಟ್ಟರೆ ಉಷ್ಣಾಂಶ, ಆರ್ದ್ರತೆ, ಗಾಳಿ, ಬಿಸಿಲಿನ ಅವಧಿ, ಮಳೆ ಎಲ್ಲವೂ ತಾವಾಗಿ ತುಂಬಿಕೊಳ್ಳುತ್ತವೆ. ಆದರೆ ಈ ಸರಾಸರಿಗಳು ಬಹುಪಾಲು 1971ರಿಂದ 2000ದವರೆಗಿನವು. ಉಷ್ಣಾಂಶ, ಗಾಳಿಗಳ ಮಟ್ಟಿಗೆ ಇದನ್ನು ಸಹಿಸಿಕೊಳ್ಳಬಹುದು. ಮಳೆಯ ಮಟ್ಟಿಗೆ ಜಿಲ್ಲಾ ಕೇಂದ್ರದ ಮೂವತ್ತು ವರ್ಷಗಳ ಸರಾಸರಿಯನ್ನು ನಂಬಿ ನಮ್ಮೂರಿನ ಹೊಲಕ್ಕೆ ನೀರು ನಿಗದಿ ಮಾಡುವುದು ಸಾಧ್ಯವಿಲ್ಲ. ಹೊರತೆಗೆದ ಫೈಲುಗಳು ಎಲ್ಲಿ ಹೋದವೆಂದು ಹೊಸಬರು ಹುಡುಕಾಡುವುದೂ ಉಂಟು: ವಿಂಡೋಸ್ ಸಾಮಾನ್ಯವಾಗಿ ಮರೆಮಾಡಿಡುವ ಪ್ರೋಗ್ರಾಂಡೇಟಾ ಫೋಲ್ಡರಿನೊಳಗೆ ಕ್ರಾಪ್‌ವ್ಯಾಟ್ ತನ್ನ ಕಡತಗಳನ್ನು ಇಟ್ಟುಕೊಂಡಿರುತ್ತದೆ.

ಸ್ವಂತ ಅಂಕಿಗಳನ್ನು ತುಂಬುವವರು ಗಾಳಿಯ ಅಳತೆಯ ಬಗ್ಗೆ ಎಚ್ಚರವಹಿಸಬೇಕು. ತಂತ್ರಾಂಶ ಗಾಳಿಯ ವೇಗವನ್ನು ದಿನಕ್ಕೆ ಇಷ್ಟು ಕಿ.ಮೀ. ಎಂದು ಕೇಳುತ್ತದೆ, ನಮಗೆ ಸಿಗುವ ವರದಿಗಳಲ್ಲಿ ಅದು ಸೆಕೆಂಡಿಗೆ ಮೀಟರಿನಲ್ಲೋ ಗಂಟೆಗೆ ಕಿ.ಮೀ.ನಲ್ಲೋ ಇರುತ್ತದೆ. ಸೆಕೆಂಡಿಗೆ 2 ಮೀಟರ್ ಎಂದರೆ ದಿನಕ್ಕೆ ಸುಮಾರು 173 ಕಿ.ಮೀ. ಆ ಜಾಗದಲ್ಲಿ ಬರೀ 2 ಎಂದು ಬರೆದರೆ ಗಾಳಿಯೇ ಬೀಸದ ಊರಿನ ಲೆಕ್ಕ ಹೊರಬೀಳುತ್ತದೆ. ಆಷಾಢದ ಗಾಳಿಗೆ ಹೆಸರಾದ, ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು ನಿಂತಿರುವ ಚಿತ್ರದುರ್ಗದಂಥ ಜಿಲ್ಲೆಯಲ್ಲಿ ಇದು ಸಣ್ಣ ತಪ್ಪಲ್ಲ. ಅಲ್ಲದೆ ಸಮೀಕರಣಕ್ಕೆ ಬೇಕಾದದ್ದು ನೆಲದಿಂದ 2 ಮೀಟರ್ ಎತ್ತರದ ಗಾಳಿ. 10 ಮೀಟರ್ ಎತ್ತರದಲ್ಲಿ ಅಳೆದದ್ದಾದರೆ ಅದನ್ನು 0.748ರಿಂದ ಗುಣಿಸಿ ತುಂಬಬೇಕು. ಉಷ್ಣಾಂಶವನ್ನು ಬಿಟ್ಟು ಬೇರೇನೂ ಸಿಗದಿದ್ದರೆ ಉಳಿದವನ್ನು ತಂತ್ರಾಂಶವೇ ಅಂದಾಜು ಮಾಡಿಕೊಳ್ಳುತ್ತದೆ ಎಂಬುದು ಸಮಾಧಾನದ ಸಂಗತಿ.

ಇನ್ನು ಮಳೆಯ ವಿಭಾಗ. ಈ ವಿಮರ್ಶೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿಯೇ. ಬಿದ್ದ ಮಳೆಯೆಲ್ಲ ಬೆಳೆಗೆ ದಕ್ಕುವುದಿಲ್ಲ. ಹರಿದು ಹೋಗುವುದು, ಬೇರಿನ ಕೆಳಕ್ಕೆ ಇಳಿದುಹೋಗುವುದು, ಮೇಲ್ಪದರದಲ್ಲೇ ಆವಿಯಾಗುವುದು ಕಳೆದು ಉಳಿದದ್ದಷ್ಟೇ ಫಲಕಾರಿ ಮಳೆ. ಅದನ್ನು ಅಂದಾಜು ಮಾಡಲು ಕ್ರಾಪ್‌ವ್ಯಾಟ್ ಹಲವು ಸೂತ್ರಗಳನ್ನು ಮುಂದಿಡುತ್ತದೆ. ನಾವು ಏನನ್ನೂ ಬದಲಿಸದಿದ್ದರೆ ಅದು ಬಳಸುವುದು ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆಯ ಸೂತ್ರವನ್ನು. ಅದರ ಪ್ರಕಾರ ತಿಂಗಳಿಗೆ 30 ಮಿ.ಮೀ. ಮಳೆಯಾದರೆ 28.6 ಮಿ.ಮೀ. ಬೆಳೆಗೆ ದಕ್ಕುತ್ತದೆ, 60 ಆದರೆ 54, 100 ಆದರೆ 84. ಎಫ್‌ಎಒ ಒಣ ಮತ್ತು ಅರೆಆರ್ದ್ರ ಪ್ರದೇಶಗಳ ಮಾಹಿತಿಯನ್ನು ಇಟ್ಟುಕೊಂಡು ರೂಪಿಸಿದ ನಂಬಲರ್ಹ ಮಳೆಯ ಸೂತ್ರವೂ ಅದೇ ಪಟ್ಟಿಯಲ್ಲಿದೆ. ಅದರಂತೆ 30 ಮಿ.ಮೀ.ಗೆ ದಕ್ಕುವುದು ಬರೀ 8, 60ಕ್ಕೆ 26, 100ಕ್ಕೆ 56. ಒಂದೇ ಹೊಲ, ಒಂದೇ ಮಳೆ, ಆದರೆ 30 ಮಿ.ಮೀ. ಬೀಳುವ ತಿಂಗಳಲ್ಲಿ ಉತ್ತರ ಮೂರು ಪಟ್ಟಿಗಿಂತ ಹೆಚ್ಚು ಬೇರೆಯಾಗುತ್ತದೆ. ನಾಲ್ಕಾರು ಹನಿ ತುಂತುರಿನಂತೆ ಬಿದ್ದು ಮಧ್ಯಾಹ್ನದೊಳಗೆ ಹಾರಿಹೋಗುವ ನಮ್ಮ ಮುಂಗಾರಿನ ಮಳೆಯನ್ನು ಬಲ್ಲ ಯಾರಿಗಾದರೂ ಎರಡನೆಯ ಉತ್ತರವೇ ಹೊಲಕ್ಕೆ ಹತ್ತಿರವೆನಿಸುತ್ತದೆ. ತಿಂಗಳ ಲೆಕ್ಕದಲ್ಲಿ ಕೆಲಸ ಮಾಡುವುದಾದರೆ ಖುಷ್ಕಿ ಸೀಮೆಯವರು ಮೊಟ್ಟಮೊದಲು ಬದಲಿಸಬೇಕಾದ ಆಯ್ಕೆ ಇದು.

ಸೂತ್ರವನ್ನು ಬದಲಿಸಿದ ಮೇಲೂ ಇನ್ನೊಂದು ತೊಡಕು ಉಳಿಯುತ್ತದೆ, ಮತ್ತು ಅದು ಮೊದಲನೆಯದಕ್ಕಿಂತ ದೊಡ್ಡದು. ತಿಂಗಳ ಮಳೆಯನ್ನು ಕೊಟ್ಟಾಗ ತಂತ್ರಾಂಶ ಅದನ್ನು ಹತ್ತು ಹತ್ತು ದಿನಗಳ ಕಂತುಗಳಾಗಿ ಒಡೆಯುತ್ತದೆ. ನಮ್ಮ ಹಿರಿಯರು ಹದಿಮೂರು ಹದಿನಾಲ್ಕು ದಿನಗಳ ನಕ್ಷತ್ರಗಳಾಗಿ ಮಳೆಯನ್ನು ಒಡೆದುಕೊಂಡ ಹಾಗೆಯೇ ಇದೂ ಒಂದು ಒಡೆತ, ಅದರಲ್ಲಿ ಆಕ್ಷೇಪವಿಲ್ಲ. ಆದರೆ ವೇಳಾಪಟ್ಟಿ ಹಾಕುವಾಗ ಅದು ಪ್ರತಿ ಕಂತಿನ ಮಳೆಯನ್ನೂ ಎರಡು ಭಾಗ ಮಾಡಿ, ಮೂರನೆಯ ದಿನ ಒಮ್ಮೆ, ಏಳನೆಯ ದಿನ ಒಮ್ಮೆ ಸುರಿಸುತ್ತದೆ. ಹಾಗಾಗಿ ಆಗಸ್ಟಿನಲ್ಲಿ 60 ಮಿ.ಮೀ. ಎಂದು ಬರೆದರೆ 3, 7, 13, 17, 23, 27ನೆಯ ತಾರೀಖುಗಳಂದು ಅಚ್ಚುಕಟ್ಟಾಗಿ ಮಳೆ ಬಂದಂತೆ ಪಟ್ಟಿ ಸಿದ್ಧವಾಗುತ್ತದೆ. ಅಂಥ ಆಗಸ್ಟನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಆಶ್ಲೇಷೆಯ ಒಂದು ರಾತ್ರಿ ಆ ಅರವತ್ತೂ ಸುರಿದು, ಮಘ ಮಳೆ ಪೂರ್ತಿ ಕೈಕೊಟ್ಟು, ಹುಬ್ಬೆಯವರೆಗೆ ಆಕಾಶ ನೋಡುತ್ತ ಕೂರುವುದು ನಮಗೆ ಪರಿಚಿತವಾದ ಆಗಸ್ಟ್.

ಇದರ ಪರಿಣಾಮವನ್ನು ಕೈಲೆಕ್ಕದಲ್ಲೇ ನೋಡಬಹುದು. ಮರಳುಮಿಶ್ರಿತ ಕೆಂಪು ಮಣ್ಣು ಮೀಟರಿಗೆ 120 ಮಿ.ಮೀ. ನೀರು ಹಿಡಿಯುತ್ತದೆ ಎಂದಿಟ್ಟುಕೊಂಡರೆ, 60 ಸೆಂ.ಮೀ. ಬೇರಿಳಿಸಿದ ಶೇಂಗಾಕ್ಕೆ ಸಿಗುವುದು 72 ಮಿ.ಮೀ. ಅದರಲ್ಲಿ ಅರ್ಧದಷ್ಟನ್ನು, ಎಂದರೆ 36 ಮಿ.ಮೀ.ಯನ್ನು, ಗಿಡ ನಿರಾಯಾಸವಾಗಿ ಹೀರಿಕೊಳ್ಳುತ್ತದೆ, ಅಲ್ಲಿಂದಾಚೆಗೆ ಬಾಡತೊಡಗುತ್ತದೆ. ದಿನಕ್ಕೆ 5.75ರಂತೆ ಈ 36 ಮಿ.ಮೀ. ಮುಗಿಯಲು ಆರು ದಿನ ಸಾಕು. ಎರೆಮಣ್ಣಾದರೆ, ಮೀಟರಿಗೆ 200 ಮಿ.ಮೀ. ಲೆಕ್ಕದಲ್ಲಿ, ಹತ್ತು ದಿನ. ಹದವಾದ ಮಳೆ ಬಂದ ಏಳನೆಯ ದಿನದಿಂದಲೇ ಕೆಂಪು ನೆಲದ ಶೇಂಗಾ ಸಂಕಟಕ್ಕೆ ಬೀಳುತ್ತದೆ ಎಂಬ ಈ ಸತ್ಯ ಮಾಸಿಕ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ, ಏಕೆಂದರೆ ಅಲ್ಲಿ ನಾಲ್ಕಾರು ದಿನಕ್ಕೊಮ್ಮೆ ಮಳೆರಾಯ ತಪ್ಪದೆ ಹಾಜರಾಗುತ್ತಾನೆ. ನಾನು ಒಂದೇ ಬೆಳೆಯನ್ನು ಎರಡೂ ಬಗೆಯಲ್ಲಿ ನಡೆಸಿ ನೋಡಿದಾಗ, ಮಾಸಿಕ ಮಳೆಯಲ್ಲಿ ಸಣ್ಣದಾಗಿ ಕಂಡ ಇಳುವರಿ ನಷ್ಟ, ದಿನದಿನದ ಮಳೆಯನ್ನು ತುಂಬಿದ ಕೂಡಲೇ ಎದ್ದು ಕಾಣುವಷ್ಟಾಯಿತು.

ದಿನದ ಮಳೆಯನ್ನು ತುಂಬಲು ಕ್ರಾಪ್‌ವ್ಯಾಟ್‌ನಲ್ಲಿ ಅವಕಾಶವಿದೆ, ಮತ್ತು ಈ ವಿಷಯದಲ್ಲಿ ಕರ್ನಾಟಕದವರು ಅದೃಷ್ಟವಂತರು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. ಅದರ ವರುಣಮಿತ್ರ ಸಹಾಯವಾಣಿಯನ್ನು ನಮ್ಮ ಕಡೆಯ ರೈತರು ಬಿತ್ತನೆಯ ಕಾಲದಲ್ಲಿ ಬಳಸುತ್ತಾರೆ. ಪಂಚಾಯಿತಿಯ ಮಳೆಮಾಪಕದ ಅಂಕಿಯನ್ನಾಗಲಿ, ಸ್ವಂತ ಹೊಲದಲ್ಲಿ ನಿಲ್ಲಿಸಿದ ಮಾಪಕದ ಅಂಕಿಯನ್ನಾಗಲಿ ದಿನವೂ ತುಂಬುತ್ತ ಹೋದರೆ ಈ ತಂತ್ರಾಂಶದ ಯೋಗ್ಯತೆಯೇ ಬೇರೆಯಾಗುತ್ತದೆ. ಆಗ ಅದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ, ಮಣ್ಣಿಗೆ ಬಂದದ್ದೆಷ್ಟು, ಹೋದದ್ದೆಷ್ಟು, ಬಾಕಿ ಎಷ್ಟು ಎಂದು ದಿನಕ್ಕೊಂದು ಸಾಲು ಬರೆದಿಡುತ್ತದೆ.

ಬೆಳೆಗಳ ಫೈಲುಗಳ ಬಗ್ಗೆ ಮಿಶ್ರ ಅಭಿಪ್ರಾಯವಿದೆ. ಶೇಂಗಾ, ಜೋಳ, ಮೆಕ್ಕೆಜೋಳ, ಹತ್ತಿ, ಸೂರ್ಯಕಾಂತಿ, ಟೊಮೆಟೊ, ಬಾಳೆ, ಕಬ್ಬು ಸಿದ್ಧವಾಗಿ ಸಿಗುತ್ತವೆ. ರಾಗಿ, ತೊಗರಿ, ದಾಳಿಂಬೆ ಇಲ್ಲ. ರಾಗಿಗೆ ಸಿರಿಧಾನ್ಯದ ಸಾಮಾನ್ಯ ಫೈಲನ್ನೂ ತೊಗರಿಗೆ ದ್ವಿದಳ ಧಾನ್ಯದ ಫೈಲನ್ನೂ ತೆಗೆದುಕೊಂಡು ತಿದ್ದಿಕೊಳ್ಳಬೇಕಾಗುತ್ತದೆ. ಆರು ತಿಂಗಳು ಹೊಲದಲ್ಲಿ ನಿಲ್ಲುವ ತೊಗರಿಗೆ ಈ ತೇಪೆ ಸರಿಯಾಗಿ ಕೂರುವುದಿಲ್ಲ. ಇರುವ ಬೆಳೆಗಳಲ್ಲಿಯೂ ಅವಧಿಯನ್ನು ಪರಿಶೀಲಿಸದೆ ಮುಂದುವರಿಯಬಾರದು. ಎಫ್‌ಎಒ ಪಟ್ಟಿಯ ಶೇಂಗಾ 130ರಿಂದ 140 ದಿನಗಳದ್ದು. ನಮ್ಮಲ್ಲಿ ಇಂದಿಗೂ ಬಿತ್ತುವ ಟಿಎಂವಿ–2 ತಳಿ ಸುಮಾರು 105ರಿಂದ 110 ದಿನಕ್ಕೆ ಕೀಳಲು ಬರುತ್ತದೆ. ದಿನಕ್ಕೆ 5 ಮಿ.ಮೀ. ಹವೆಯಲ್ಲಿ 130 ದಿನಗಳ ಬೆಳೆಗೆ ಒಟ್ಟು ಸುಮಾರು 554 ಮಿ.ಮೀ. ಬೇಕಾದರೆ, ಅದೇ ಗುಣಾಂಕಗಳಿಂದ 110 ದಿನಗಳ ಬೆಳೆಗೆ ಬೇಕಾಗುವುದು ಸುಮಾರು 466. ನಡುವಿನ 88 ಮಿ.ಮೀ. ಎಕರೆಗೆ ಮೂರೂವರೆ ಲಕ್ಷ ಲೀಟರಿಗೂ ಮಿಕ್ಕಿದ ನೀರು.

ಮಣ್ಣಿನ ವಿಭಾಗದಲ್ಲಿ ಕಪ್ಪು ಜೇಡಿ, ಕೆಂಪು ಗೋಡು, ಕೆಂಪು ಮರಳು, ಮರಳುಮಿಶ್ರಿತ ಕೆಂಪು ಗೋಡು ಎಂಬ ಹೆಸರಿನ ಸಿದ್ಧ ಫೈಲುಗಳಿರುವುದನ್ನು ಕಂಡು ನನಗೆ ಸಂತೋಷವಾಯಿತು. ದಖ್ಖನ್ನಿನ ನೆಲಕ್ಕೆ ಇವು ಅಪರಿಚಿತವಲ್ಲ. ಆದರೆ ಫೈಲಿನಲ್ಲಿರುವ ಬೇರಿನ ಗರಿಷ್ಠ ಆಳ ನಮ್ಮ ಹೊಲಗಳಿಗೆ ಹೊಂದುವುದಿಲ್ಲ. ಒಂದೂವರೆ ಅಡಿ ಅಗೆದರೆ ಗೊರಚು ಸಿಗುವ ನೆಲಕ್ಕೆ ಅಷ್ಟೇ ಆಳವನ್ನು ಬರೆಯಬೇಕು. ಈ ಒಂದು ಅಂಕಿ ಎಷ್ಟು ಮಹತ್ವದ್ದು ಎಂಬುದಕ್ಕೆ ವಿಜಯಪುರ, ಬಾಗಲಕೋಟೆಗಳ ಎರೆಹೊಲದ ಬಿಳಿಜೋಳ ಒಳ್ಳೆಯ ಉದಾಹರಣೆ. ಹಸ್ತ ಮಳೆಯ ಹೊತ್ತಿಗೆ ನೆಲ ತಣಿದಿದ್ದು, ಮುಂದೆ ಮಳೆಯೇ ಬಾರದೆ, ಬೆಳೆಗೆ ಒಟ್ಟು 350 ಮಿ.ಮೀ. ಬೇಕು ಎಂದು ಸ್ಥೂಲವಾಗಿ ಹಿಡಿಯೋಣ. ಮಣ್ಣು 120 ಸೆಂ.ಮೀ. ಆಳವಿದ್ದರೆ ಒಳಗೆ 240 ಮಿ.ಮೀ. ನಿಂತಿರುತ್ತದೆ, ಜೋಳಕ್ಕೆ ಎಫ್‌ಎಒ ಕೊಟ್ಟಿರುವ ಇಳುವರಿ ಸ್ಪಂದನ ಗುಣಾಂಕ, ಎಂದರೆ ನೀರಿನ ಕೊರತೆಗೆ ಇಳುವರಿ ಎಷ್ಟು ಇಳಿಯುತ್ತದೆ ಎಂಬ ಅಳತೆ, 0.9ರ ಪ್ರಕಾರ ನಷ್ಟ ಶೇ. 28ರ ಆಸುಪಾಸು. ಅದೇ ಮಣ್ಣು 60 ಸೆಂ.ಮೀ. ಇದ್ದರೆ ನಷ್ಟ ಶೇ. 59ಕ್ಕೆ ಏರುತ್ತದೆ. ಕೊರತೆ ಶೇ. 50ನ್ನು ದಾಟಿದ ಮೇಲೆ ಈ ಸೂತ್ರ ನಂಬಿಕೆಗೆ ಅರ್ಹವಲ್ಲವಾದ್ದರಿಂದ ಎರಡನೆಯ ಅಂಕಿಯನ್ನು ಎಚ್ಚರಿಕೆಯೆಂದು ಓದಿಕೊಳ್ಳಬೇಕೇ ಹೊರತು ನಿಖರ ಉತ್ತರವೆಂದಲ್ಲ. ಎರೆಭೂಮಿ ಬಿರುಕು ಬಿಟ್ಟಾಗ ಆ ಬಿರುಕುಗಳ ಮೂಲಕ ಆಳದ ತೇವವೂ ಹಾರಿಹೋಗುತ್ತದೆ. ಎಡೆ ಹೊಡೆದು ಮೇಲ್ಮಣ್ಣನ್ನು ಸಡಿಲ ಮಾಡಿ ಬಿರುಕು ಮುಚ್ಚುವುದು ನಮ್ಮವರ ಹಳೆಯ ಉಪಾಯ. ಇವೆರಡೂ ತಂತ್ರಾಂಶದ ಅರಿವಿಗೆ ಬರುವುದಿಲ್ಲ.

ವೇಳಾಪಟ್ಟಿಯ ವಿಭಾಗಕ್ಕೆ ಬರೋಣ. ಮಣ್ಣಿನ ತೇವ ಅಪಾಯದ ಮಟ್ಟಕ್ಕೆ ಇಳಿದಾಗ ನೀರು ಕೊಡುವುದು, ನಿಗದಿತ ದಿನಗಳಿಗೊಮ್ಮೆ ಕೊಡುವುದು, ಪ್ರತಿ ಸಲವೂ ಇಷ್ಟೇ ಮಿ.ಮೀ. ಕೊಡುವುದು, ನೀರನ್ನೇ ಕೊಡದೆ ಮಳೆಯಾಶ್ರಿತವಾಗಿ ಬಿಡುವುದು, ಹೀಗೆ ಹಲವು ಆಯ್ಕೆಗಳಿವೆ. ಸುಮ್ಮನೆ ಬಿಟ್ಟರೆ ಅದು ತೇವ ಅಪಾಯದ ಮಟ್ಟಕ್ಕೆ ಬಂದಾಗಲೆಲ್ಲ ಮಣ್ಣನ್ನು ಪೂರ್ತಿ ತಣಿಸುವ ಪಟ್ಟಿಯನ್ನು ಕೊಡುತ್ತದೆ. ಕಾಲುವೆ ಅಚ್ಚುಕಟ್ಟಿನವರಿಗೆ ಇದು ಸರಿ. ಹಂಚಿಕೊಳ್ಳಲು ನೀರೇ ಇಲ್ಲದವರಿಗೆ ಈ ಪಟ್ಟಿ ನಿರುಪಯುಕ್ತ. ನಮಗೆ ಬೇಕಾದದ್ದು ಇರುವ ಒಂದೆರಡು ನೀರನ್ನು (ಒಮ್ಮೆ ಹಾಯಿಸುವುದು ಒಂದು ನೀರು) ಯಾವಾಗ ಕೊಟ್ಟರೆ ಹೆಚ್ಚು ಕಾಳು ಉಳಿಯುತ್ತದೆ ಎಂಬ ಉತ್ತರ. ಅದಕ್ಕೂ ಇಲ್ಲಿ ದಾರಿಯಿದೆ. ಶೇಂಗಾಕ್ಕೆ ಎಫ್‌ಎಒ ಹಂತವಾರು ಕೊಟ್ಟಿರುವ ಇಳುವರಿ ಗುಣಾಂಕ ಬೆಳವಣಿಗೆಯ ಹಂತದಲ್ಲಿ 0.2, ಹೂವಾಡುವಾಗ 0.8, ಕಾಯಿ ಕಟ್ಟುವಾಗ 0.6, ಬಲಿಯುವಾಗ ಮತ್ತೆ 0.2. ಎಳೆಯ ಬೆಳೆ ಬಾಡಿತೆಂದು ಗಾಬರಿಯಿಂದ ಕೊಟ್ಟ ನೀರಿಗಿಂತ ಹೂವಿನ ಕಾಲಕ್ಕೆ ಕಾದಿಟ್ಟು ಕೊಟ್ಟ ನೀರು ನಾಲ್ಕು ಪಟ್ಟು ಬೆಲೆಯುಳ್ಳದ್ದು ಎಂಬುದನ್ನು ತಾರೀಖುಗಳನ್ನು ಹಿಂದೆ ಮುಂದೆ ಸರಿಸಿ ತೆರೆಯ ಮೇಲೇ ನೋಡಬಹುದು. ಇಡೀ ತಂತ್ರಾಂಶದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಇದು.

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ನಮ್ಮ ಸೀಮೆಯಲ್ಲಿ ಕೃಷಿ ಹೊಂಡಗಳು ಹೆಚ್ಚಿರುವುದರಿಂದ ಈ ಲೆಕ್ಕಕ್ಕೆ ಈಗ ನಿಜವಾದ ಉಪಯೋಗವಿದೆ. ಬಾಯಿ 21 ಮೀಟರ್ ಚೌಕ, ಆಳ 3 ಮೀಟರ್, ಬದಿ ಇಳಿಜಾರು ಒಂದಕ್ಕೊಂದು ಇರುವ ಹೊಂಡ ತುಂಬಿದರೆ ಸುಮಾರು 9.8 ಲಕ್ಷ ಲೀಟರು. ಒಂದು ಎಕರೆಗೆ 50 ಮಿ.ಮೀ. ಬೆಳೆಗೆ ದಕ್ಕಬೇಕಾದರೆ, ಶೇ. 70ರ ದಕ್ಷತೆಯಲ್ಲಿ, 2.9 ಲಕ್ಷ ಲೀಟರನ್ನು ಹೊಂಡದಿಂದ ಎತ್ತಬೇಕು. ಅಂದರೆ ಒಂದು ಎಕರೆಗೆ ಮೂರು ನೀರು. ಮೂರು ಎಕರೆಗಾದರೆ ಒಂದೇ ನೀರು. ಹೊಂಡದ ಮೇಲ್ಮೈಯಿಂದ ದಿನಕ್ಕೆ 5 ಮಿ.ಮೀ. ಆವಿಯಾದರೂ 2,200 ಲೀಟರು ಸುಮ್ಮನೆ ಹೋಗುತ್ತದೆ. ತಿಂಗಳಿಗೆ 66 ಸಾವಿರ. ಕ್ರಾಪ್‌ವ್ಯಾಟ್ ಹೊಲದ ಮಣ್ಣನ್ನಷ್ಟೇ ಲೆಕ್ಕವಿಡುತ್ತದೆ, ಹೊಂಡವನ್ನಲ್ಲ. ಆದ್ದರಿಂದ ಈ ಭಾಗವನ್ನು ಕಾಗದದ ಮೇಲೆ ಬೇರೆಯಾಗಿ ಮಾಡಿಕೊಳ್ಳಬೇಕು.

ಬೋರಿನ ಲೆಕ್ಕವೂ ಹೀಗೆಯೇ. ತಂತ್ರಾಂಶ ಉತ್ತರ ಕೊಡುವುದು ಮಿ.ಮೀ.ನಲ್ಲಿ ಮತ್ತು ಹೆಕ್ಟೇರಿಗೆ ಸೆಕೆಂಡಿಗೆ ಇಷ್ಟು ಲೀಟರ್ ಎಂಬ ಅಳತೆಯಲ್ಲಿ. ನಮ್ಮವರು ಮಾತಾಡುವುದು ಇಂಚು, ಗುಂಟೆ, ತ್ರೀಫೇಸ್ ಕರೆಂಟಿನ ಗಂಟೆಗಳಲ್ಲಿ. ನಡುವಿನ ಸೇತುವೆಯನ್ನು ಬಳಕೆದಾರನೇ ಕಟ್ಟಬೇಕು. ಗಂಟೆಗೆ 4,000 ಲೀಟರ್ ಎತ್ತುವ ಬೋರು ಏಳು ಗಂಟೆಯ ಕರೆಂಟಿನಲ್ಲಿ 28,000 ಲೀಟರ್ ಕೊಡುತ್ತದೆ. ಏಪ್ರಿಲಿನಲ್ಲಿ ಹುಲ್ಲಿನ ಹಾಸಿನ ಲೆಕ್ಕ ದಿನಕ್ಕೆ 6.5 ಮಿ.ಮೀ. ಎಂದು ಹಿಡಿದರೆ, ಕಾಯಿ ಹೊತ್ತ ಟೊಮೆಟೊಗೆ 1.15ರಂತೆ ಸುಮಾರು 7.5 ಮಿ.ಮೀ. ಬೇಕು, ಹನಿ ನೀರಾವರಿಯ ದಕ್ಷತೆ ಶೇ. 90 ಎಂದರೂ ಎಕರೆಗೆ ದಿನಕ್ಕೆ 33,600 ಲೀಟರ್ ಆಗುತ್ತದೆ. ಆ ಬೋರು ತಡೆಯುವುದು 33 ಗುಂಟೆಯನ್ನು, ಅದೂ ಕರೆಂಟು ಕೈಕೊಡದಿದ್ದರೆ. ಅಂಥದೊಂದು ಬೋರನ್ನು ನಂಬಿ ಎರಡು ಎಕರೆಗೆ ಹನಿ ನೀರಾವರಿಯ ಲ್ಯಾಟರಲ್ ಕೊಳವೆ ಎಳೆಯುವುದು ನಮ್ಮಲ್ಲಿ ಸಾಮಾನ್ಯ. ಜನವರಿಯಲ್ಲಿ ಸಸಿ ಇನ್ನೂ ಎಳೆಯದಾಗಿದ್ದಾಗ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ, ಏಕೆಂದರೆ ಆಗ ಬೆಳೆಗೆ ಬೇಕಾದದ್ದು ಇದರ ಅರ್ಧವೂ ಅಲ್ಲ. ಸಸಿ ತರುವ ಮುಂಚೆ ಈ ಒಂದು ಲೆಕ್ಕವನ್ನು ನೋಡಿದ್ದರೆ ಎಷ್ಟೋ ಸಾಲ ಉಳಿಯುತ್ತಿತ್ತು ಎಂದು ನಾನು ಪ್ರಾಮಾಣಿಕವಾಗಿ ನಂಬುತ್ತೇನೆ.

ಹನಿ ನೀರಾವರಿಯ ಹಣ್ಣಿನ ತೋಟಗಳಿಗೆ ಮಾತ್ರ ಈ ತಂತ್ರಾಂಶವನ್ನು ನಾನು ಶಿಫಾರಸು ಮಾಡಲಾರೆ. ಅದು ಹೊಲದ ಇಡೀ ಮೈಗೆ ಒಂದೇ ಗುಣಾಂಕವನ್ನು ಹಚ್ಚುತ್ತದೆ. ಗಿಡದ ಬುಡದಲ್ಲಿ ಮಾತ್ರ ನೆಲ ಒದ್ದೆಯಾಗಿ ಸಾಲಿನ ನಡುವೆ ಒಣಗಿರುವ ದಾಳಿಂಬೆ ತೋಟವನ್ನು ಅದು ಸರಿಯಾಗಿ ಗ್ರಹಿಸುವುದಿಲ್ಲ. ಗಿಡಕ್ಕೆ ದಿನಕ್ಕೆ ಎಷ್ಟು ಲೀಟರ್ ಎಂಬುದನ್ನೂ ಹೇಳುವುದಿಲ್ಲ. ದಾಳಿಂಬೆಯವರು ಸೊಲ್ಲಾಪುರದಲ್ಲಿರುವ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದ ಸಲಹೆಗಳನ್ನು ಅನುಸರಿಸುವುದೇ ಲೇಸು.

ಎಫ್‌ಎಒ 2009ರಲ್ಲಿ ಹೊರತಂದ ಆಕ್ವಾಕ್ರಾಪ್ ಇದಕ್ಕಿಂತ ಮುಂದುವರಿದದ್ದು; ಎಲೆಹೊದಿಕೆ ಹೇಗೆ ಹರಡುತ್ತದೆ ಎಂಬುದರಿಂದ ಹಿಡಿದು ಇಳುವರಿಯವರೆಗೆ ದಿನವಹಿ ಲೆಕ್ಕ ಹಾಕುತ್ತದೆ. ಸಂಶೋಧನೆ ಮಾಡುವವರಿಗೆ ಅದೇ ತಕ್ಕದ್ದು. ಆದರೆ ಅದು ಕೇಳುವ ಮಾಹಿತಿಯಲ್ಲಿ ಅರ್ಧದಷ್ಟನ್ನು ರೈತನಾಗಲಿ ಹೋಬಳಿಯ ಕೃಷಿ ಅಧಿಕಾರಿಯಾಗಲಿ ಹೊಂದಿಸುವುದು ಕಷ್ಟ. ಕ್ರಾಪ್‌ವ್ಯಾಟ್ ಕೇಳುವುದು ಕಡಿಮೆ, ಮತ್ತು ಕೇಳಿದ್ದರ ಅರ್ಥವನ್ನು ವಿವರಿಸಲು ಬರುತ್ತದೆ. ರೈತ ಸಂಪರ್ಕ ಕೇಂದ್ರದವರು, ರೈತ ಉತ್ಪಾದಕ ಕಂಪನಿಗಳ ಸಿಬ್ಬಂದಿ, ಕೃಷಿ ಡಿಪ್ಲೊಮಾ ಓದಿ ಊರಿಗೆ ಮರಳಿರುವ ಹುಡುಗ ಹುಡುಗಿಯರು ಇದನ್ನು ಕಲಿತು ಊರಿನವರಿಗೆ ಲೆಕ್ಕ ಹಾಕಿಕೊಡುವುದು ಸಾಧ್ಯವಿದೆ; ಪ್ರತಿಯೊಬ್ಬ ರೈತನೂ ಕಂಪ್ಯೂಟರಿನ ಮುಂದೆ ಕೂರಬೇಕೆಂದು ನಿರೀಕ್ಷಿಸುವುದು ಹುರುಳಿಲ್ಲದ ಮಾತು.

ಬಳಸುವವರು ವಾರಕ್ಕೊಮ್ಮೆಯಾದರೂ ಪಟ್ಟಿಯನ್ನು ನೆಲದೊಡನೆ ತಾಳೆ ನೋಡಬೇಕು. ಬೇರು ಇರುವ ಆಳದಿಂದ, ಎಂದರೆ ಒಂದು ಗೇಣಿನ ಕೆಳಗಿನಿಂದ, ಒಂದು ಹಿಡಿ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಒತ್ತಿದಾಗ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ತಟ್ಟಿದರೂ ನಿಂತರೆ ಇನ್ನೂ ತೇವವಿದೆ. ಉಂಡೆಯಾಗಿಯೂ ತಟ್ಟಿದ ಕೂಡಲೇ ಪುಡಿಯಾದರೆ ಅರ್ಧ ಮುಗಿದಿದೆ. ಉಂಡೆಯೇ ಕಟ್ಟದಿದ್ದರೆ ನೀರಿನ ವೇಳೆ ಮೀರಿದೆ. ಕೆಂಪು ಗೋಡುಮಣ್ಣಿನಲ್ಲಿ ಈ ಪರೀಕ್ಷೆ ಮತ್ತು ತಂತ್ರಾಂಶದ ಅಂಕಿ ಬಹುತೇಕ ಹೊಂದಿಕೊಂಡವು. ಎರೆಮಣ್ಣಿನಲ್ಲಿ, ಮುಖ್ಯವಾಗಿ ಬಿರುಕು ಬಿಟ್ಟ ಮೇಲೆ, ತಂತ್ರಾಂಶ ತೋರಿಸುವುದಕ್ಕಿಂತ ನೆಲ ಬೇಗ ಒಣಗಿರುವುದು ಕಂಡುಬಂತು. ಎರಡೂ ಹೊಂದದಿದ್ದಾಗ ನಾನು ಮಣ್ಣಿನ ಮಾತನ್ನೇ ಒಪ್ಪಿ, ಆರಂಭದ ತೇವ ಮತ್ತು ಬೇರಿನ ಆಳದ ಅಂಕಿಗಳನ್ನು ತಿದ್ದಿ ಪಟ್ಟಿಯನ್ನು ಮತ್ತೆ ನಡೆಸುತ್ತೇನೆ. ಈ ತಿದ್ದುವಿಕೆಗೆ ಹಿಡಿಯುವ ಸಮಯ ತೀರ ಅಲ್ಪ.

ಕೊನೆಯ ಎರಡು ಗುಂಡಿಗಳಾದ ಬೆಳೆ ಪದ್ಧತಿ ಮತ್ತು ಯೋಜನೆಯ ವಿಭಾಗಗಳು ಕಾಲುವೆ ನೀರಾವರಿಯ ಎಂಜಿನಿಯರರಿಗಾಗಿ ಮಾಡಿದವು. ಆದರೂ ಮೂರು ನಾಲ್ಕು ತಾಕುಗಳಲ್ಲಿ ಬೇರೆ ಬೇರೆ ಬೆಳೆಯಿಟ್ಟು ಒಂದೇ ಬೋರನ್ನು ನಂಬಿರುವವರು ಅವನ್ನು ನೋಡದೆ ಬಿಡಬಾರದು. ಯಾವ ತಾಕಿಗೆ ಶೇಕಡಾ ಎಷ್ಟು ಜಾಗ, ಯಾವ ತಾರೀಖಿಗೆ ನಾಟಿ ಎಂದು ತುಂಬಿದರೆ ಯಾವ ತಿಂಗಳಲ್ಲಿ ಎಲ್ಲ ಬೆಳೆಗಳ ಬೇಡಿಕೆ ಒಟ್ಟಿಗೆ ಬಂದು ಬೀಳುತ್ತದೆ ಎಂಬುದು ಕಾಣಿಸುತ್ತದೆ, ಮತ್ತು ಒಂದು ತಾಕಿನ ನಾಟಿಯನ್ನು ಮೂರು ವಾರ ಹಿಂದಕ್ಕೆ ಸರಿಸಿದರೆ ಆ ಒತ್ತಡ ಎಷ್ಟು ಇಳಿಯುತ್ತದೆ ಎಂಬುದೂ ಅಲ್ಲಿಯೇ ತಿಳಿಯುತ್ತದೆ.